ಗುಗ್ಗರಿಗೆ ಬಾರದವರ ಲೆಕ್ಕ

ಮೂವತ್ತೈದು ವರ್ಷ ಗಲ್ಲಾದ ಹಿಂದೆ ಕುಳಿತವನಿಗೆ ಗಿರಾಕಿ ಮೆಟ್ಟಿಲು ಹತ್ತುವಷ್ಟರಲ್ಲಿ ಮಾಲಿನ ದರ್ಜೆ ಗೊತ್ತಾಗುತ್ತದೆ. ಮರೆವ್ವ ಹತ್ತಿದಾಗ ನಾನು ಹಾಕಿದ್ದು ಮೂರನೆಯ ದರ್ಜೆ, ಅದೂ ತಳ ಒದ್ದೆಯಾದ ಚೀಲದ್ದು. ಐದಡಿಗೆ ನಾಲ್ಕು ಬೆರಳು ಕಡಿಮೆ ಎತ್ತರ; ಆ ಕೊರತೆಯನ್ನು ಅಗಲದಲ್ಲಿ ತುಂಬಿಕೊಂಡ ದೇಹ. ಬಿಳಿ ಸೀರೆಯನ್ನು ಉಟ್ಟಿದ್ದಳು ಅನ್ನುವುದಕ್ಕಿಂತ ಬಿಗಿದುಕೊಂಡಿದ್ದಳು ಅನ್ನಬೇಕು, ಹತ್ತಿಯ ಅಂಡಿಗೆಗೆ ಗೋಣಿತಟ್ಟು ಬಿಗಿದ ಹಾಗೆ. ಕೊರಳಲ್ಲಿ ಬಂಗಾರವಿಲ್ಲ, ಕಾಲಲ್ಲಿ ರಬ್ಬರಿನ ಚಪ್ಪಲಿ, ಎಡ ಅಂಗೈ ತುಂಬ ಬಾಲ್‌ಪೆನ್ನಿನಲ್ಲಿ ಗೀಚಿದ ಅಂಕಿಗಳು. ಮೈಯಿಂದ ಬರುತ್ತಿದ್ದ ಫಿನಾಯಿಲ್ ವಾಸನೆಗೆ ನಾನು ಏಲಕ್ಕಿ ಡಬ್ಬಿಯ ಮುಚ್ಚಳ ಹಾಕಿದೆ. ಧ್ವನಿಯೊಂದು ಮಾತ್ರ ಒಂದನೆಯ ದರ್ಜೆಯದು. ಜಮಖಂಡಿಯ ಮಾರುಕಟ್ಟೆಯಲ್ಲಿ ಹರಾಜಿನ ಸವಾಲು ಕೂಗುವವರಿಗೂ ಅಂಥದ್ದು ಸಿಕ್ಕಿಲ್ಲ.

“ಸಾವ್ಕಾರ್ರ, ಶೇಂಗಾ ಪಾವ್ ಕಿಲೋ ಕೊಡ್ರಿ. ಮ್ಯಾಲಿನವು ಬ್ಯಾಡ. ಚೀಲದ ತಳದಾಗ ಕೈ ಹಾಕ್ರಿ.”

“ಮ್ಯಾಲಿನವು ಛಲೋ ಅದಾವಲ್ಲ ಸಿಸ್ಟರ್.”

“ಅದಕ್ಕ ಬ್ಯಾಡ ಅಂದೆ. ಮ್ಯಾಲಿನವು ತೋರ್ಸಾಕ, ತಳದಾಗಿನವು ಮಾರಾಕ. ನಾ ಮಾರೂವು ನೋಡ್ತೀನಿ.”

ಸರಕಾರಿ ದವಾಖಾನೆಯ ಹೆರಿಗೆ ವಾರ್ಡಿಗೆ ಹೊಸ ನರ್ಸ್ ಬಂದಿದ್ದಾಳೆ, ಹುನ್ನೂರಿನವಳು, ಇಂಥ ಓಣಿಯವಳು ಎಂಬುದನ್ನೆಲ್ಲ ನನ್ನ ತಾಯಿ ಶಿವಗಂಗವ್ವ ಒಂದು ವಾರ ಮೊದಲೇ ಶೋಧಿಸಿ ಇಟ್ಟಿದ್ದಳು. ಆದ್ದರಿಂದ ಪೊಟ್ಟಣವನ್ನು ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟೆ. ಅಂಗಡಿಯ ಮುಂದೆ ಗಿರಾಕಿಗಳು ಕೂಡಲೆಂದು ಒಂದು ಬಾಕು, ಮರದ ಬೆಂಚು, ಇದೆ. ಕೂಡ್ರಿ ಎಂದು ನಾನು ಅನ್ನಲಿಲ್ಲ, ಅವಳೂ ಕೂಡಲಿಲ್ಲ. ಎಂಟು ವರ್ಷ ಅವಳು ಆ ಬಾಕಿನ ಪಕ್ಕದಲ್ಲಿ ನಿಂತೇ ಮಾತಾಡಿದಳು.

ನನ್ನ ಅಂಗಡಿಯ ಬಗ್ಗೆ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಿರಾಣಿಯ ಜೊತೆ ನಾನು ಬಾಣಂತಿ ಸಾಮಾನು ಮಾರುತ್ತೇನೆ. ಉಂಡೆಗೆ ಹಾಕುವ ಅಂಟು, ಅಳವಿ, ಉತ್ತತ್ತಿ, ಒಣಕೊಬ್ಬರಿ, ಗಸಗಸೆ, ಬಾಣಂತಿ ಖಾರ. ಜಮಖಂಡಿ ಸುತ್ತಿನಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಮೂರನೆಯ ದಿನ ಒಬ್ಬ ಮುದುಕಿ ನನ್ನ ಮೆಟ್ಟಿಲು ಹತ್ತಲೇಬೇಕು. ಸಹಜ ಹೆರಿಗೆಯಾದರೆ ಮುದುಕಿ ಎಲ್ಲವನ್ನೂ ತುಂಬಿಸಿಕೊಂಡು ಹೋಗುತ್ತಾಳೆ. ಹೊಟ್ಟೆ ಕೊಯ್ದಿದ್ದರೆ ಧ್ವನಿ ತಗ್ಗಿಸಿ, “ಅಂಟು ಬ್ಯಾಡ, ಖಾರ ಕಡಿಮಿ, ಹೊಲಿಗಿ ಕೀವ ಹಿಡಿತಾವು” ಅನ್ನುತ್ತಾಳೆ. ಹೀಗೆ ನನ್ನಲ್ಲಿ ಎರಡು ಬಗೆಯ ಗಂಟುಗಳಾದವು. ನಾನು ಅಂಗಡಿ ಹಿಡಿದ ಕಾಲಕ್ಕೆ ಹತ್ತು ಗಂಟಿನಲ್ಲಿ ಒಂದು ಖಾರ ಕಡಿಮೆಯದು. ಈಗ ಹತ್ತರಲ್ಲಿ ಆರು. ಸರಕಾರದ ಕಾಗದಗಳಲ್ಲಿ ಏನು ಬರೆದಿದೆಯೋ ನನಗೆ ಗೊತ್ತಿಲ್ಲ. ನನ್ನ ಅಂಟಿನ ಡಬ್ಬಿ ಹೇಳುವುದು ಇಷ್ಟು.

ಮರೆವ್ವನ ಕಸಬೇ ಕಾಯುವುದು. ಅವಳಪ್ಪ ಹಣಮಪ್ಪ ರಸ್ತೆ ಇಲಾಖೆಯ ಗ್ಯಾಂಗಿನಲ್ಲಿ ಡಾಂಬರು ಸುರಿದು ಮಗಳನ್ನು ವಿಜಯಪುರಕ್ಕೆ ನರ್ಸಿಂಗ್ ಕಲಿಯಲು ಕಳಿಸಿದ. ಗಂಡ ಶಿವಾಜಿ ಬಸ್ ಕಂಡಕ್ಟರ್, ಮಗ ಅಮೋಲ ಬ್ಯಾಂಕಿನಲ್ಲಿ ಗುಮಾಸ್ತ. ಅವಳು ಸಾವಳಗಿಯಲ್ಲಿ ಒಂಬತ್ತು ವರ್ಷ, ಬೀಳಗಿಯಲ್ಲಿ ಆರು ವರ್ಷ ಹೆರಿಗೆ ಮಾಡಿಸಿ ಇಲ್ಲಿಗೆ ಬಂದವಳು. ಸಾವಳಗಿಯಲ್ಲಿ ಒಬ್ಬ ದ್ರಾಕ್ಷಿ ತೋಟದವನು ಹೆಂಡತಿಯನ್ನು ಟ್ರ್ಯಾಕ್ಟರಿನಲ್ಲಿ ತಂದು, ಇಂಜಿನ್ ಬಂದ್ ಮಾಡದೆ ಬಾಗಿಲಲ್ಲೇ ನಿಂತಿದ್ದನಂತೆ, ನರ್ಸ್ ಆಗದು ಎಂದು ಕೈ ಆಡಿಸಿದ ಕೂಡಲೇ ವಿಜಯಪುರಕ್ಕೆ ಓಡಿಸಿ ಕೊಯ್ಯಿಸಬೇಕೆಂದು. ಇವಳು ಹೊರಗೆ ಬಂದು ಚಾವಿ ಕಿತ್ತುಕೊಂಡಳು. “ಡೀಸೆಲ್ ಉಳಿಸೋ ಮಾರಾಯಾ, ಸಂಜಿ ಆಗತೈತಿ. ನಿನ್ನ ಹೆಂಡತಿಗೆ ಅವಸರಿಲ್ಲ, ಕೂಸಿಗೆ ಅವಸರಿಲ್ಲ, ನಿನಗೊಬ್ಬಗ ಐತಿ. ನೀ ಹಡಿಯಾಂವ ಏನ?” ಸಂಜೆ ಕೂಸು ಹುಟ್ಟಿತು. ಮರುದಿನ ಅವನು ಒಂದು ಬುಟ್ಟಿ ದ್ರಾಕ್ಷಿ ತಂದ. “ಇದನ್ನ ಒಯ್ದು ಆಕಿಗೆ ತಿನ್ನಸ. ಹಡದಾಕಿ ಆಕಿ” ಎಂದು ತಿರುಗಿಸಿ ಕಳಿಸಿದಳು. ಬುಟ್ಟಿಯನ್ನು ಮಾತ್ರ ಇಟ್ಟುಕೊಂಡಳು, ಛಲೋ ಇತ್ತಂತೆ.

ವಾರ್ಡಿನಲ್ಲಿ ಒಂದು ಕಬ್ಬಿಣದ ಸ್ಟೂಲ್ ಹಾಕಿಕೊಂಡು, ನನ್ನ ಅಂಗಡಿಯ ಶೇಂಗಾ ಸುಲಿಯುತ್ತ, ನೋವು ತಿನ್ನುವ ಹುಡುಗಿಯರನ್ನು ಕಾಡಿಸುತ್ತ ಕೂಡುವವಳು ಅವಳು. “ಯಾಕ ಬೇ, ಹಂಗ ಕೂಗ್ತಿ? ಕೂಸಿಗೆ ಕಿವಿ ಅದಾವು, ನಿನ್ನ ಬಾಯಿ ಕೇಳಿ ಹೊರಗ ಬರಾಕ ಹೆದರಾಕತ್ತೈತಿ.” ಅಳುತ್ತಿದ್ದವರು ನಗುತ್ತಿದ್ದರು. ಬೈಗುಳವೂ ಇತ್ತು, ಒಮ್ಮೊಮ್ಮೆ ತೊಡೆಗೆ ಒಂದು ಏಟೂ ಬೀಳುತ್ತಿತ್ತೆಂದು ಕೇಳಿದ್ದೇನೆ. ಸಂತಳನ್ನು ಮಾರಲು ನಾನು ಕುಳಿತಿಲ್ಲ, ಇದ್ದದ್ದನ್ನು ಇದ್ದ ಹಾಗೆ ತೂಗುತ್ತಿದ್ದೇನೆ.

ಬಂದ ಎರಡನೆಯ ವರ್ಷ ಒಂದು ದಿನ ಶೇಂಗಾ ಕಟ್ಟಿಸಿಕೊಂಡು ಅವಳು ಹೋಗಲಿಲ್ಲ. ಬಾಕಿನ ಪಕ್ಕ ನಿಂತು ಕೇಳಿದಳು:

“ಸಾವ್ಕಾರ್ರ, ಬಾಣಂತಿ ಸಾಮಾನ ಒಯ್ದವರು ಎಲ್ಲಾರೂ ಗುಗ್ಗರಿ ಕಡಲಿಗೆ ಬರತಾರೇನು?”

ಪ್ರಶ್ನೆ ನನಗೆ ಸಿಟ್ಟು ತರಿಸಿತು. ಏಕೆಂದರೆ ಅದರ ಉತ್ತರ ನನಗೆ ಗೊತ್ತಿತ್ತು, ನಾನು ಯಾರಿಗೂ ಹೇಳಿರಲಿಲ್ಲ. ನಮ್ಮಲ್ಲಿ ಹದಿಮೂರನೆಯ ದಿನ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವಾಗ ಕಡಲೆ ನೆನೆಸಿ ಗುಗ್ಗರಿ ಮಾಡಿ ಓಣಿಗೆಲ್ಲ ಹಂಚುತ್ತಾರೆ. ಅಂಟು ಒಯ್ದ ಮುದುಕಿ ಹತ್ತು ದಿನಕ್ಕೆ ಕಡಲೆಗೆ ಬರಬೇಕು. ಬಾರದಿದ್ದರೆ ಆ ಮನೆಯಲ್ಲಿ ತೊಟ್ಟಿಲು ಕಟ್ಟಲಿಲ್ಲ ಎಂದರ್ಥ. ಬಾಣಂತಿ ಉಂಟು, ಕೂಸಿಲ್ಲ. ಒಮ್ಮೊಮ್ಮೆ ಎರಡೂ ಇಲ್ಲ.

“ಅದು ನಿನಗ್ಯಾಕ ಬೇಕು? ನಿಮ್ಮ ದವಾಖಾನ್ಯಾಗ ರಜಿಸ್ಟರ್ ಇರತೈತಲ್ಲ” ಅಂದೆ.

“ನಮ್ಮ ರಜಿಸ್ಟರಿನ್ಯಾಗ ನಮ್ಮಲ್ಲಿ ಹಡದವರು ಅಷ್ಟ ಇರತಾರ್ರೀ. ಬ್ಯಾರೆ ಕಡೆ ಹಡದಾಕಿ ಮನಿಗೆ ಹೋದ ಮ್ಯಾಲ ಏನಾತು, ಅದನ್ನ ಯಾರ ಬರೀತಾರ? ನಿಮ್ಮಲ್ಲಿಗೆ ಎಲ್ಲಾರೂ ಬರತಾರ.”

ಬಿಟ್ಟಿ ಸುದ್ದಿ ಸಂಗ್ರಹಿಸುವ ಹೆಂಗಸು ಎಂದು ಮನಸ್ಸಿನಲ್ಲಿ ತೆಗಳುತ್ತಲೇ ನಾನು ಹೇಳತೊಡಗಿದೆ. ಸುದ್ದಿ ಹೇಳುವವನಿಗೂ ರುಚಿ ಇರುತ್ತದೆ. ಆ ಆರು ತಿಂಗಳಲ್ಲಿ ನನಗೆ ನೆನಪಿದ್ದಂತೆ ಏಳು ಮನೆಯವರು ಕಡಲೆಗೆ ಬಂದಿರಲಿಲ್ಲ. ಅವಳು ಅಂಗೈ ಮೇಲೆ ಊರುಗಳ ಹೆಸರು ಬರೆದುಕೊಂಡಳು. ಹದಿನೈದು ದಿನದ ನಂತರ ಬಂದು ನಿಂತಳು. ಏಳೂ ಮನೆಗೆ ಬಸ್ ಹತ್ತಿ ಹೋಗಿ ಬಂದಿದ್ದಳು.

“ನಾಕ ಮಂದಿಗೆ ಕೊಯ್ದಿದ್ರು, ಮೂರ ಮಂದಿಗೆ ಕೊಯ್ದಿದ್ದಿಲ್ಲ” ಅಂದಳು.

“ನೋಡು ಮತ್ತ! ಕೊಯ್ಯೋದ ತಪ್ಪು ಅಂತ ಆತಲ್ಲ.”

“ಅರ್ಧಾ ಕೇಳಬ್ಯಾಡ್ರಿ ಸಾವ್ಕಾರ್ರ. ಆ ನಾಕರಾಗ ಇಬ್ಬರಿಗೆ ಸುಮ್ಮನ ಕೊಯ್ದಿದ್ರು. ಕೊಯ್ಯದ ಮೂವರಾಗ ಇಬ್ಬರಿಗೆ ಕೊಯ್ಯಬೇಕಾಗಿತ್ತು.” ಶೇಂಗಾ ಕಟ್ಟಿದ ಕಾಗದ ಬಿಚ್ಚಿ, ಕಾಳು ಸೆರಗಿಗೆ ಸುರಿದುಕೊಂಡು, ಕಾಗದದ ಮೇಲೆ ಎರಡು ಓರೆಗೆರೆ ಎಳೆದಳು. “ನಮ್ಮ ಹಾಳ್ಯಾಗ ಹಿಂಗ ಎರಡ ಗೆರಿ ಇರತಾವು. ನೋವು ಸುರುವಾದ ಮ್ಯಾಲ ತಾಸ ತಾಸಿಗೆ ಗುರುತ ಹಾಕ್ಕೋತ ಹೋಗೋದು. ಮೊದಲನೇ ಗೆರಿ ದಾಟೂ ಮಟಾ ಕೈ ಕಟಗೊಂಡ ಕೂಡ್ರಬೇಕು. ಎರಡನೇದು ದಾಟಿದರ ಕೂಡ್ರಬಾರದು. ಎಷ್ಟ ಮಂದಿಗೆ ಕೊಯ್ದರು ಅನ್ನೋದಲ್ರಿ, ಯಾರಿಗೆ ಕೊಯ್ದರು ಅನ್ನೋದು ನೋಡಬೇಕು.”

ನಾನು ವ್ಯಾಪಾರಿ. ಎರಡು ಗೆರೆಯಲ್ಲಿ ನನಗೆ ಬೇಕಾದ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಕಟ್ಟೆಯ ಮೇಲೆಯೇ ಬಿಟ್ಟೆ. ಮರೆವ್ವ ಅಂದರೆ ‘ಕೊಯ್ಯಿಸಬೇಡಿ’ ಎಂಬ ಮಾಲು ಎಂದು ಚೀಟಿ ಅಂಟಿಸಿ ಒಳಗಿಟ್ಟೆ. ಅಂದಿನಿಂದ ಬಂದ ಗಿರಾಕಿಗಳಿಗೆಲ್ಲ, “ದುಡ್ಡಿಗೆ ಕೊಯ್ತಾರ, ಒಪ್ಪಬ್ಯಾಡ್ರಿ” ಎಂದು ಪುಕ್ಕಟೆ ಸಲಹೆ ತೂಗಿ ಕೊಡತೊಡಗಿದೆ.

ಆ ಸಲಹೆ ತೂಗದೆ ಇರಲು ನಮ್ಮ ಸುತ್ತಿನ ಜನರ ಬುದ್ಧಿಯೂ ಬಿಡುತ್ತಿರಲಿಲ್ಲ. ಮುಧೋಳದಲ್ಲಿ ಬೇಟೆನಾಯಿ ಸಾಕುವವರು ನಾಯಿಯ ಏಳು ತಲೆಮಾರು ಬಾಯಿಪಾಠ ಒಪ್ಪಿಸುತ್ತಾರೆ. ಹೆಂಡತಿಯ ರಕ್ತದ ಗುಂಪು ಕೇಳಿದರೆ ಆಕಾಶ ನೋಡುತ್ತಾರೆ. ಬಾಡಗಂಡಿ ಕಡೆಯ ಕಬ್ಬಿನ ರೈತ ತೂಕದ ಕಾಟಾದಲ್ಲಿ ಐದು ಕಿಲೋ ಹೋಯಿತೆಂದು ಅರ್ಧ ದಿನ ಜಗಳ ಕಾಯುತ್ತಾನೆ. ಡಾಕ್ಟರ ಮುಂದೆ ‘ಯಾಕೆ’ ಎಂಬ ಎರಡಕ್ಷರ ಹೊರಡುವುದಿಲ್ಲ. ‘ನಮ್ಮ ಸೊಸಿಗೆ ಸಿಜರಿನ್ ಮಾಡಿಸಿದಿವಿ’ ಎನ್ನುವಾಗ ನಮ್ಮ ಹೆಂಗಸರ ಮುಖ ನೋಡಬೇಕು. ಮನೆಗೆ ಕಾರು ತಂದವರ ಮುಖ. ಬನಹಟ್ಟಿಯಲ್ಲಿ ಹದಿನಾರು ಮಗ್ಗ ಇಟ್ಟುಕೊಂಡ ಮುತ್ತಣ್ಣ ಎಂಬಾತ ಇದ್ದಾನೆ. ಸೀರೆಯಲ್ಲಿ ಒಂದು ಎಳೆ ತಪ್ಪಿದರೆ ಕಣ್ಣಿಗೆ ಬೀಳುತ್ತದೆ ಅವನಿಗೆ. ಅವನು ಜೋಯಿಸರಿಂದ ಹನ್ನೊಂದು ಗಂಟೆ ಹನ್ನೆರಡು ನಿಮಿಷ ಎಂದು ಚೀಟಿ ಬರೆಸಿಕೊಂಡು, ದಿನ ತುಂಬಲು ಇನ್ನೂ ಮೂರು ವಾರ ಇರುವ ಸೊಸೆಯನ್ನು ಕರೆದುಕೊಂಡು ಸರಕಾರಿ ದವಾಖಾನೆಗೂ ಬಂದಿದ್ದ. ಮರೆವ್ವ ಚೀಟಿ ಓದಿದಳು.

“ಗಡಿಯಾರ ಹೊಟ್ಟ್ಯಾಗ ಐತ್ರೀ, ನಿಮ್ಮ ಮುಂಗೈ ಮ್ಯಾಲಲ್ಲ.”

“ರಾಜಯೋಗ ಐತಿ ಸಿಸ್ಟರ್. ನಿಮಗ ತಿಳಿಯಾಂಗಿಲ್ಲ.”

“ಹೌದ್ರೀ, ತಿಳಿಯಾಂಗಿಲ್ಲ. ನಾ ಬರೇ ಉಸಿರಾಡೂ ಯೋಗ ಐತಿಲ್ಲೋ ಅಂತ ನೋಡ್ತೀನಿ.”

ಮುತ್ತಣ್ಣ ಬೇರೆ ಕಡೆ ಹೋಗಿ ಹನ್ನೊಂದು ಹನ್ನೆರಡಕ್ಕೆ ಸರಿಯಾಗಿ ಕೊಯ್ಯಿಸಿದ. ರಾಜ ಉಸಿರಾಡಲಾರದೆ ಹದಿನೆಂಟು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದ. ಆ ಮನೆಯವರು ಕಡಲೆಗೆ ಬಂದದ್ದು ನಲವತ್ತನೆಯ ದಿನ. ಆಗಲೂ ಮುತ್ತಣ್ಣ, “ಟೈಮ್ ಮಾತ್ರ ತಪ್ಪಲಿಲ್ಲ ನೋಡ್ರಿ” ಅಂದ. ನಾನು ಕಡಲೆ ತೂಗಿದೆ. ಇಂಥವರಿಗೆ ತೂಗುವುದಲ್ಲದೆ ಬೇರೆ ಏನು ಮಾಡಲಾದೀತು?

ಅಷ್ಟೇ ಹಗುರ ಬುದ್ಧಿಯ ಮಾಲು ನನ್ನ ಮನೆಯಲ್ಲೂ ಇತ್ತು. ನನ್ನ ಮಗಳು ರಾಜೇಶ್ವರಿ ಮುಧೋಳದ ಗಂಡನ ಮನೆಯಿಂದ ಚೊಚ್ಚಲಿಗೆ ತವರಿಗೆ ಬಂದಾಗ, ಓಣಿಯಲ್ಲಿ ಯಾರನ್ನೋ ನೋಡಲು ಬಂದ ಮರೆವ್ವನನ್ನು ನನ್ನ ತಾಯಿ ಅಂಗಳದಲ್ಲೇ ತಡೆದು ನಿಲ್ಲಿಸಿದಳು.

“ನಿಮ್ಮ ದವಾಖಾನಿ, ಗೆರಿ, ಹಾಳಿ ಏನೂ ಇದ್ದಿದ್ದಿಲ್ಲ ಬೇ. ನಾ ಇದ ಮನಿಯಾಗ ಏಳ ಹಡದೇನಿ.”

“ಭಾರಿ ಆತ್ರೀ ಅವ್ವಾರ. ಎಷ್ಟ ಉಳಿದುವು?”

ನನ್ನ ತಾಯಿ ಬೆರಳು ಮಡಿಚಿ ಎಣಿಸತೊಡಗಿದಳು. ನಾಲ್ಕನೆಯ ಬೆರಳಿಗೆ ನಿಂತು, “ನಾಕು” ಅಂದಳು.

“ನಿಮ್ಮ ಸಾವ್ಕಾರ್ರು ಉಳಿದವರಾಗ ಬಂದ್ರು ಅಂತ ಶೇಂಗಾಕ್ಕ ಇಷ್ಟ ದರ ಹಚ್ಚತಾರ” ಎಂದು ಮರೆವ್ವ ಹೊರಟುಹೋದಳು.

ಬೀಗರ ಮಾನಕ್ಕೆ ತಕ್ಕಂತೆ ರಾಜೇಶ್ವರಿಯ ಹೆಸರನ್ನು ಊರಿನ ಹೊಸ ಗಾಜಿನ ಕಟ್ಟಡದ ಖಾಸಗಿ ಆಸ್ಪತ್ರೆಯಲ್ಲಿ ಬರೆಸಿದೆವು. ಫೆಬ್ರವರಿಯಲ್ಲಿ ಒಂದು ದಿನ ಬೆಳಿಗ್ಗೆ ಆರಕ್ಕೆ ನೋವು ಸುರುವಾಯಿತು. ಹನ್ನೊಂದೂವರೆಗೆ ಡಾಕ್ಟರಮ್ಮ ಹೊರಗೆ ಬಂದು, ಕೂಸಿನ ಎದೆಬಡಿತ ಇಳಿಯುತ್ತಿದೆ, ಈಗಲೇ ಆಪರೇಷನ್ ಮಾಡಬೇಕು, ಸಹಿ ಹಾಕಿ ಅಂದರು.

ಇಲ್ಲಿ ಒಂದು ಮಾತು. ಆ ಕಟ್ಟಡದಿಂದ ಬಂದ ಗಂಟುಗಳು ಹತ್ತರಲ್ಲಿ ಒಂಬತ್ತು ಖಾರ ಕಡಿಮೆಯವು. ಅದು ನನಗೆ ಗೊತ್ತಿತ್ತು. ಸದಾ ಹೆಚ್ಚು ದರ ಹೇಳುವ ಅಂಗಡಿ ಒಂದು ದಿನ ಸರಿಯಾದ ದರ ಹೇಳಿದರೆ ಯಾರು ನಂಬುತ್ತಾರೆ? ಮೊದಲು ಹೇಳಿದ ದರಕ್ಕೆ ಗೋಣು ಹಾಕಿದವನು ವ್ಯಾಪಾರಿಯಲ್ಲ ಎಂದು ನನ್ನಪ್ಪ ಕಲಿಸಿದ್ದು ನನ್ನ ರಕ್ತದಲ್ಲಿತ್ತು. ನಾನು ನಕ್ಕು, “ಇನ್ನೊಂದ ತಾಸ ನೋಡೂಣ್ರಿ ಮೇಡಂ” ಅಂದೆ. ಡಾಕ್ಟರಮ್ಮ, “ಒಂದ ತಾಸು ಇಲ್ಲ” ಅಂದರು. ಅಂಗಡಿಗೆ ಬಂದ ಗಿರಾಕಿಗೆ ನಾನೂ ಹಾಗೇ ಅನ್ನುತ್ತೇನೆ, ಇದು ಕೊನೇ ಚೀಲ ಎಂದು. ಮಗಳನ್ನು ಇಳಿಸಿಕೊಂಡು ಕಾರಿನಲ್ಲಿ ಕೂರಿಸಿದೆ. ತಡೆದರು, ಬರೆಸಿಕೊಂಡರು, ಬಿಟ್ಟರು.

ಬನಹಟ್ಟಿಯಲ್ಲಿ ಪರಿಚಯದ ಡಾಕ್ಟರರಿದ್ದರು. ಕಬ್ಬಿನ ಹಂಗಾಮು, ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಹಾದಿ ತುಂಬ. ಮುಕ್ಕಾಲು ತಾಸು ಹಿಡಿಯಿತು. ಆ ಡಾಕ್ಟರರೂ ಪರೀಕ್ಷಿಸಿ, “ಆಪರೇಷನ್ ಬೇಕು, ನನ್ನಲ್ಲಿ ಅರಿವಳಿಕೆ ಡಾಕ್ಟರು ಇವತ್ತು ಇಲ್ಲ, ಜಮಖಂಡಿಗೇ ತಿರುಗ್ರಿ” ಅಂದರು. ನನಗೆ ಏನನ್ನಿಸಿರಬೇಕು? ಒಂದೇ ಪೇಟೆಯ ವ್ಯಾಪಾರಿಗಳು ಒಳಗೊಳಗೇ ದರ ಮಾತಾಡಿಕೊಂಡಿರುತ್ತಾರೆ ಎನ್ನಿಸಿತು. ದೇವರಾಣೆಗೂ ಅದೇ ಅನ್ನಿಸಿತು. ಹಿಂದಿನ ಸೀಟಿನಲ್ಲಿ ಮಗಳು ಅವಳ ತಾಯಿಯ ಕೈ ಕಚ್ಚುತ್ತಿದ್ದಳು. ಮುಂದೆ ಕುಳಿತ ನಾನು ಚೌಕಾಸಿ ಮಾಡುತ್ತಿದ್ದೆ.

ಆಗ ನನಗೊಬ್ಬ ದಲಾಲಿಯ ನೆನಪಾಯಿತು. ಕಾಯುವ ಕಸಬಿನವಳು, ಕೊಯ್ಯಿಸಬೇಡಿ ಎನ್ನುವವಳು, ನನ್ನ ಕಡೆ ನಿಂತು ಮಾತಾಡುವವಳು ಒಬ್ಬಳು ಸರಕಾರಿ ದವಾಖಾನೆಯಲ್ಲಿದ್ದಾಳೆ. ಮತ್ತೆ ಅದೇ ಹಾದಿ, ಅದೇ ಟ್ರೇಲರುಗಳು. ಎರಡೂವರೆಗೆ ಮುಟ್ಟಿದೆವು.

ಮರೆವ್ವ ಸ್ಟೂಲ್ ಮೇಲಿದ್ದಳು, ಮಡಿಲಲ್ಲಿ ಶೇಂಗಾ. ನಾನು ಹೆಮ್ಮೆಯಿಂದಲೇ ಹೇಳಿದೆ: “ಎರಡ ಕಡೆ ಕೊಯ್ಯಬೇಕು ಅಂದ್ರು ಸಿಸ್ಟರ್. ನಾ ಒಪ್ಪಲಿಲ್ಲ. ನಿನ್ನ ಕಡೆ ಕರಕೊಂಡ ಬಂದೇನಿ.”

ಅವಳು ನನ್ನನ್ನು ನೋಡಲೇ ಇಲ್ಲ. ಶೇಂಗಾ ನೆಲಕ್ಕೆ ಬಿತ್ತು. ಮಗಳ ಹೊಟ್ಟೆಯ ಮೇಲೆ ಕೈಯಿಟ್ಟಳು, ಕೊಳವೆಯಿಟ್ಟು ಕಿವಿಗೊಟ್ಟಳು, ಗಡಿಯಾರ ನೋಡಿದಳು. ನನ್ನ ಹೆಂಡತಿಯ ಕಡೆ ತಿರುಗಿ ಕೇಳಿದಳು.

“ನೀರ ಹೋಗ್ಯಾವಲ್ರಿ, ಬಣ್ಣ ಹೆಂಗಿತ್ತು?”

“ಹಸರ ಇತ್ರೀ.”

“ಯಾವಾಗಿಂದ?”

“ಬನಹಟ್ಟಿ ಮುಟ್ಟೂಕಿಂತ ಮೊದಲ.”

ಕೂಸು ಒಳಗೇ ಹೊಲಸು ಮಾಡಿಕೊಂಡರೆ ನೀರು ಹಸಿರಾಗುತ್ತದೆ ಎಂದು ನನಗೆ ತಿಳಿದದ್ದು ಆಮೇಲೆ. ಮರೆವ್ವ ಬಾಗಿಲಿಗೆ ಹೋಗಿ ಒಂದು ಕೂಗು ಹಾಕಿದಳು. ಆ ಒಂದನೆಯ ದರ್ಜೆಯ ಧ್ವನಿ ಯಾತಕ್ಕೆ ಇತ್ತೆಂದು ಆಗ ತಿಳಿಯಿತು. ಊಟಕ್ಕೆ ಕುಳಿತ ಸರ್ಜನ್ ಸಾಹೇಬರು ಕೈ ತೊಳೆಯುತ್ತಲೇ ಬಂದರು, ಥಿಯೇಟರಿನ ದೀಪ ಹತ್ತಿತು. ಆಮೇಲೆ ಕಾಗದ ಹಿಡಿದು ನನ್ನ ಮುಂದೆ ಬಂದಳು.

“ಸಹಿ ಹಾಕ್ರಿ. ಕೊಯ್ಯಬೇಕು.”

“ನೀನೂ ಅದನ್ನ ಅಂತಿಯಲ್ಲ ಮರೆವ್ವಾ! ಕಾಯಬೇಕು ಅಂತ ನೀನ ಹೇಳಿದ್ದಿ.”

“ಎರಡ ಗೆರಿ ತೋರಿಸಿದ್ನಿ ಸಾವ್ಕಾರ್ರ. ನೀವು ಒಂದ ಒಯ್ದಿರಿ.”

“ಅಲ್ಲ, ಅಳಿಯಂದ್ರು ಮುಧೋಳದಿಂದ ಬರಾಕತ್ತಾರ, ಅವರನ್ನೊಂದ ಮಾತ...”

“ನಿಮ್ಮ ಅಂಗಡ್ಯಾಗ ಗುಗ್ಗರಿ ಕಡಲಿ ಅದಾವಲ್ಲ?” ಅಂದಳು, ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು. “ಅವನ್ನ ಮನಿಗೆ ಒಯ್ಯೂ ವಿಚಾರ ಐತೋ, ಇಲ್ಲೋ?”

ನಾನು ಪೆನ್ನಿಗಾಗಿ ಕಿಸೆ ತಡವುತ್ತಿದ್ದೆ. ಅವಳು ಅಷ್ಟೂ ಕಾಯಲಿಲ್ಲ. ಜೀವಮಾನವಿಡೀ ಕಾದವಳು ನನಗಾಗಿ ಕಾಯಲಿಲ್ಲ. ತಿರುಗಿ ಮಂಚದ ಹತ್ತಿರ ಹೋಗಿ ಕಾಗದವನ್ನು ನನ್ನ ಮಗಳ ಮುಂದೆ ಹಿಡಿದಳು.

“ರಾಜೇಶ್ವರಿ, ಕೇಳಿಲ್ಲೆ. ಕೂಸು ಒಳಗ ದಣದೈತಿ. ಹೊರಗ ತಗೀಬೇಕು. ಹೊಟ್ಟಿ ನಿಂದು, ಸಹಿ ನಿಂದು. ಹೂಂ ಅಂತಿಯೋ ಉಹೂಂ ಅಂತಿಯೋ?”

ಎಂ.ಕಾಂ ಓದಿದ ನನ್ನ ಮಗಳು ನೋವಿನ ನಡುವೆ, “ಮುಂಜಾನಿಯಿಂದ ನನ್ನನ್ನ ಯಾರೂ ಕೇಳಿಲ್ರಿ ಅಕ್ಕಾ” ಎಂದು ಸಹಿ ಹಾಕಿದಳು. ಎರಡು ಊರು, ಮೂರು ಆಸ್ಪತ್ರೆ, ಒಂದು ಕಾರು, ಮೂರು ತಾಸು. ಖರೇನೇ ಯಾರೂ ಕೇಳಿರಲಿಲ್ಲ. ನಾನಂತೂ ಕೇಳಿರಲಿಲ್ಲ. ಸಂತೆಯಲ್ಲಿ ಆಕಳಿನ ದರ ಆಕಳನ್ನು ಕೇಳಿ ಹೇಳುವವರುಂಟೇ?

ಹೆಣ್ಣುಕೂಸು ಹುಟ್ಟಿತು. ಅಳಲಿಲ್ಲ. ಥಿಯೇಟರಿನ ಹೊರಗೆ ನಿಂತ ನನಗೆ ಕೇಳಿದ್ದು ಮರೆವ್ವನ ಧ್ವನಿ ಒಂದೇ. ಒಳಗೆ ಆ ಪುಟ್ಟ ಎದೆಗೆ ಗಾಳಿ ಒತ್ತುತ್ತ ಬೈಯುತ್ತಿದ್ದಳು: “ಏನ ಬೇ, ನಿಮ್ಮಜ್ಜನಂಗ ಹಟ ಮಾಡತಿ? ಅಳು. ಅಳು ಅಂದೆ. ಅಳಾಕ ಏನ ರೊಕ್ಕ ಬೀಳತಾವು?” ಎಷ್ಟು ಹೊತ್ತೋ ಗೊತ್ತಿಲ್ಲ. ಬೆಕ್ಕಿನ ಮರಿಯಂಥ ಒಂದು ದನಿ ಕೇಳಿತು. ಹೊರಗೆ ಬಂದ ಮರೆವ್ವ ನನಗೆ ಸಮಾಧಾನ ಹೇಳಲಿಲ್ಲ. ನೆಲದ ಶೇಂಗಾ ಆರಿಸತೊಡಗಿದಳು. “ತಾಯಿ ಪಾರಾದಳು. ಕೂಸಿಂದು ಇನ್ನ ನೋಡಬೇಕು. ಮೂರ ತಾಸ ಮೊದಲ ಆಗಿದ್ರ ನೋಡೂದ ಇದ್ದಿದ್ದಿಲ್ಲ” ಅಂದಳು.

ಹನ್ನೊಂದು ದಿನ ಕೂಸು ಗಾಜಿನ ಪೆಟ್ಟಿಗೆಯಲ್ಲಿತ್ತು. ಆ ಹನ್ನೊಂದು ದಿನ ನನ್ನ ಅಂಗಡಿಯಲ್ಲಿ ನನ್ನ ಎದುರಿಗೇ ಗುಗ್ಗರಿ ಕಡಲೆಯ ಚೀಲ ಬಾಯಿ ತೆರೆದು ಕೂತಿತ್ತು. ಯಾರಾದರೂ ಬಂದು ಕಡಲೆ ಕೇಳಿದರೆ ಎದ್ದು ಹೋಗಿ, ಆಳಿಗೆ ತೂಗು ಎನ್ನುತ್ತಿದ್ದೆ. ಗಿರಾಕಿಗಳಿಗೆ ಪುಕ್ಕಟೆ ಸಲಹೆ ಕೊಡುವುದು ನಿಂತಿತು. ನನ್ನ ಮಾತು ಕೇಳಿ ಎಷ್ಟು ಮನೆಯವರು ಹೀಗೆ ಚೌಕಾಸಿಗೆ ಕುಳಿತಿದ್ದರೋ, ಅವರಲ್ಲಿ ಎಷ್ಟು ಮುದುಕಿಯರು ಕಡಲೆಗೆ ಬರಲಿಲ್ಲವೋ, ಅದನ್ನು ನಾನು ಮರೆವ್ವನಿಗೂ ಹೇಳಿಲ್ಲ. ಅವಳು ಕೇಳಿಲ್ಲ. ಅವಳಿಗೆ ಗೊತ್ತಿರಬೇಕು.

ನನ್ನ ಹೆಂಡತಿ ಮಗಳಿಗೆ ಅಂಟು ಬೇಡ, ಹೊಲಿಗೆ ಹಾಕಿದ್ದಾರೆ ಎಂದಾಗ ಮರೆವ್ವ ಅದನ್ನೂ ಮುರಿದಳು. “ಅಂಟಿನ ಉಂಡಿ ತಿಂದರ ಹೊಲಿಗಿಗೆ ಏನ ಆಗತೈತ್ರೀ? ಹಡದಾಕಿಗೆ ಒಂದ ಪಟ್ಟು ತಾಕತ್ತ ಬೇಕಾದ್ರ ಕೊಯ್ಸಿಕೊಂಡಾಕಿಗೆ ಎರಡ ಪಟ್ಟು ಬೇಕು. ನಾಕ ಉಂಡಿ ಜಾಸ್ತಿ ಕಟ್ಟರಿ.” ನಾನು ಎರಡು ಬಗೆಯ ಗಂಟು ಕಟ್ಟುವುದನ್ನು ಅಂದೇ ಬಿಟ್ಟೆ. ಮುದುಕಿಯರು ಖಾರ ಕಡಿಮೆ ಅಂದರೆ ಈಗ ನಾನೇ ಜಗಳಕ್ಕೆ ನಿಲ್ಲುತ್ತೇನೆ.

ನಮ್ಮ ಮನೆಯ ತೊಟ್ಟಿಲು ಕಟ್ಟಿದ್ದು ಇಪ್ಪತ್ತೊಂದನೆಯ ದಿನ. ಸ್ನೇಹಾ ಎಂದು ಹೆಸರಿಟ್ಟೆವು. ಗುಗ್ಗರಿಯ ಮೊದಲ ಬೊಗಸೆಯನ್ನು ನನ್ನ ತಾಯಿ ಶಿವಗಂಗವ್ವ ತಾನೇ ತಂದು, ಮರೆವ್ವನ ಕೈ ಹಿಡಿದು, ಕೈಯೊಳಗೇ ಹಾಕಿದಳು. ಮರೆವ್ವ ಒಂದು ಕಾಳು ಬಾಯಿಗೆ ಹಾಕಿಕೊಂಡು, “ಉಪ್ಪ ಕಡಿಮಿ ಆಗೈತ್ರೀ ಅವ್ವಾರ” ಅಂದಳು.

ಇಲ್ಲಿಗೆ ನಿಲ್ಲಿಸಿದರೆ ಮೇಲಿನ ಶೇಂಗಾ ತೋರಿಸಿದಂತಾಗುತ್ತದೆ. ತಳದ್ದೂ ಇದೆ. ಸ್ನೇಹಾಳಿಗೆ ಈಗ ಮೂರು ವರ್ಷ ದಾಟಿದೆ. ಮಾತು ಚುರುಕು, ನನಗೆ ‘ಲೇ ಅಜ್ಜಾ’ ಅನ್ನುತ್ತಾಳೆ. ಬಲಗೈ ಮಾತ್ರ ನಿಧಾನ. ಹಿಡಿದದ್ದು ಜಾರುತ್ತದೆ. ಹುಟ್ಟುವ ಹೊತ್ತಿಗೆ ಉಸಿರು ಕಡಿಮೆಯಾದದ್ದರಿಂದ ಹೀಗಾಗಿರಬೇಕು, ಆಡಿಸುತ್ತಿದ್ದರೆ ಬಹುಮಟ್ಟಿಗೆ ಸರಿಹೋದೀತು ಎಂದು ಡಾಕ್ಟರರು ಹೇಳಿದ್ದಾರೆ. ಅದಕ್ಕೇ ತಾಯಿ ಮಗಳು ಇನ್ನೂ ನಮ್ಮಲ್ಲೇ ಇದ್ದಾರೆ. ಆ ಗಾಜಿನ ಕಟ್ಟಡದ ಡಾಕ್ಟರಮ್ಮ ಅಂದು ಹನ್ನೊಂದೂವರೆಗೆ ಹೇಳಿದ್ದು ಖರೆ ಇತ್ತು. ಅವರು ನೂರು ಸಲ ಹೆಚ್ಚು ದರ ಹೇಳಿದ್ದೂ ಖರೆ. ನೂರೊಂದನೆಯ ಸಲ ನಂಬದಿದ್ದವನು ನಾನು. ಕೈ ಹೋದದ್ದು ಆ ಕೂಸಿನದು. ಅವರು ಈಗಲೂ ಕೊಯ್ಯುತ್ತಿದ್ದಾರೆ, ಕಟ್ಟಡಕ್ಕೆ ಮೂರನೆಯ ಅಂತಸ್ತು ಎದ್ದಿದೆ. ಜನ ಈಗಲೂ ಚೀಟಿ ಬರೆಸಿಕೊಂಡು ಹೋಗುತ್ತಾರೆ. ನನ್ನ ಅಂಗಡಿಯೂ ನಡೆದಿದೆ.

ಮರೆವ್ವ ಹೋದ ವರ್ಷ ನಿವೃತ್ತಳಾದಳು. ದಿನಾ ನಾಲ್ಕು ಗಂಟೆಗೆ ಬಂದು ಬಾಕಿನ ಮೇಲೆ ಕೂಡುತ್ತಾಳೆ. ಒಂದು ಬಟ್ಟಲಲ್ಲಿ ಗುಗ್ಗರಿ ಕಡಲೆ ಸುರಿದು, ಸ್ನೇಹಾಳ ಎಡಗೈಯನ್ನು ತನ್ನ ಸೆರಗಿನಲ್ಲಿ ಕಟ್ಟಿ, ಬಲಗೈಯಿಂದ ಒಂದೊಂದೇ ಕಾಳು ಇನ್ನೊಂದು ಬಟ್ಟಲಿಗೆ ಹಾಕಿಸುತ್ತಾಳೆ.

“ಎಷ್ಟಾತ ಬೇ?”

“ಹದಿನಾರು.”

“ನಿನ್ನೆ ಹನ್ನೆರಡ ಇತ್ತು. ಹಾಕು. ನಿಮ್ಮಜ್ಜ ನೋಡಾಕತ್ತಾನ, ಕಾಳ ಕಡಿಮಿ ಆದರ ಅಳತಾನ.”

ಅವಳು ಕಾಯುತ್ತಾಳೆ. ಜಾರಿದ ಕಾಳನ್ನು ತಾನು ಎತ್ತಿ ಕೊಡುವುದಿಲ್ಲ. ಕೂಸು ಸಿಟ್ಟಾಗಿ ಬಟ್ಟಲು ಚೆಲ್ಲಿದರೆ ಮತ್ತೆ ತುಂಬುತ್ತಾಳೆ. ನಾನು ಗಲ್ಲಾದ ಹಿಂದೆ ಕುಳಿತು ಅವಳಿಗೆ ಹಾಕಿದ್ದ ದರ್ಜೆಯನ್ನು ನೆನೆಯುತ್ತೇನೆ. ದರ್ಜೆ ಹಾಕಲು ಬಾರದವನು ಎಂದು ನನ್ನ ಬಗ್ಗೆ ಯಾರಾದರೂ ಹೇಳಿದರೆ ಈಗ ಜಗಳವಾಡುವುದಿಲ್ಲ.

ರಾಜೇಶ್ವರಿ ಬದುಕಿದ್ದಾಳೆ, ಸ್ನೇಹಾ ಬದುಕಿದ್ದಾಳೆ. ಈ ಎರಡು ಜೀವಗಳಿಗಾಗಿ ನಾನು ಹುನ್ನೂರಿನ ಹಣಮಪ್ಪನ ಮಗಳು ಮರೆವ್ವನಿಗೆ ಋಣಿ. ‘ಕೂಡ್ರಿ’ ಎಂಬ ಒಂದು ಮಾತನ್ನೂ ಎಂಟು ವರ್ಷ ತಡವಾಗಿ ಕೊಟ್ಟಿದ್ದೇನೆ.